ಕರಿಬೇವಿನ ಚಿಟ್ಟೆಗಳು, ಮೂರನೇ ಬ್ಯಾಚ್: ಸೊಟ್ಟ ರೆಕ್ಕೆಯ ಲೆಕ್ಕ

ಆಗಸ್ಟ್ 17

ಮೊದಲ ಬ್ಯಾಚ್ ಮುಗಿಯಿತು. ಹನ್ನೊಂದು ಕೋಶ. ಏಳು ಸರಿಯಾಗಿ ಹಾರಿಹೋದವು, ಮೂರರ ರೆಕ್ಕೆ ಸೊಟ್ಟ, ಒಂದು ಹೊರಗೇ ಬರಲಿಲ್ಲ.

ಹೊಸದಾಗಿ ಓದುತ್ತಿರುವವರಿಗೆ: ನಮ್ಮನೆ ಇರುವುದು ಚಿಕ್ಕಮಗಳೂರಲ್ಲಿ, ಹಿತ್ತಲಲ್ಲಿ ಅಮ್ಮನ ಕರಿಬೇವಿನ ಗಿಡ ಇದೆ, ಅದರ ಮೇಲೆ ಕಾಮನ್ ಮಾರ್ಮನ್ ಚಿಟ್ಟೆ ಮೊಟ್ಟೆ ಇಡುತ್ತದೆ. ಮರಿ ಹುಳ ನೋಡಿದರೆ ಹಕ್ಕಿ ಹಿಕ್ಕೆ ಥರ. ದೊಡ್ಡದಾದ ಮೇಲೆ ಹಸಿರು. ಮುಟ್ಟಿದರೆ ತಲೆ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಹಾಕಿ ಒಂಥರಾ ವಾಸನೆ ಬಿಡುತ್ತದೆ. ಅಮ್ಮನಿಗೆ ಒಗ್ಗರಣೆಗೆ ಸೊಪ್ಪು ಸಿಗುತ್ತಿಲ್ಲ ಅನ್ನುವುದೊಂದೇ ತಕರಾರು.

ಸೊಟ್ಟ ಆದ ಮೂರರಲ್ಲಿ ಒಂದನ್ನು ಕಣ್ಣಾರೆ ನೋಡಿದೆ. ಬೆಳಿಗ್ಗೆ ಏಳೂ ಹತ್ತಕ್ಕೆ ಕೋಶ ಬಿರಿಯಿತು. ಹೊರಬಂದಾಗ ಹೊಟ್ಟೆ ದಪ್ಪ, ರೆಕ್ಕೆ ಮಾತ್ರ ಹೆಬ್ಬೆರಳಿನ ಉಗುರಿನಷ್ಟು, ಹಿಂಡಿಟ್ಟ ಬಟ್ಟೆ ಥರ. ಅದು ಮಾಮೂಲಿ, ಎಲ್ಲವೂ ಹಾಗೇ ಬರುತ್ತವೆ. ಆಮೇಲೆ ಎಲ್ಲಾದರೂ ಹತ್ತಿ, ರೆಕ್ಕೆ ಕೆಳಕ್ಕೆ ಇಳಿಬಿಟ್ಟು, ಮೈಯೊಳಗಿನ ದ್ರವವನ್ನು ರೆಕ್ಕೆಯ ನರಗಳಿಗೆ ಒತ್ತಬೇಕು, ಆಗ ಅದು ಬಿಚ್ಚಿಕೊಳ್ಳುತ್ತದೆ. ನನ್ನದು ಪ್ಲಾಸ್ಟಿಕ್ ಡಬ್ಬಿ. ಹೊರಗೆ ಜಡಿಮಳೆ, ಒಳಗೆ ಸೊಪ್ಪಿನ ತೇವ, ಡಬ್ಬಿಯ ಗೋಡೆಯೆಲ್ಲ ಬೆವೆತಿತ್ತು. ಹತ್ತಿತು, ಜಾರಿತು. ಮತ್ತೆ ಹತ್ತಿತು, ಮತ್ತೆ ಜಾರಿತು. ನಾಲ್ಕನೇ ಸಲ ಅಂಗಾತ ಬಿದ್ದು ಕಾಲು ಬಡಿಯುತ್ತಿತ್ತು. ಮುಟ್ಟಬಾರದು ಅಂತ ಎಲ್ಲೋ ಕೇಳಿದ್ದೆ, ಹಾಗಾಗಿ ಸುಮ್ನೆ ನೋಡುತ್ತಾ ಕೂತೆ. ಒಂದು ಕಡ್ಡಿ ಕೊಟ್ಟಿದ್ದರೆ ಸಾಕಿತ್ತು.

ಒಂಬತ್ತು ಗಂಟೆ ಹೊತ್ತಿಗೆ ಬಲಗಡೆ ಎರಡೂ ರೆಕ್ಕೆ ಮಡಚಿಕೊಂಡೇ ಗಟ್ಟಿಯಾಗಿದ್ದವು, ಹಳೇ ನೋಟ್‌ಬುಕ್ಕಿನ ಮೂಲೆ ಮಡಚಿಕೊಂಡಿರುತ್ತದಲ್ಲ, ಹಾಗೆ. ರೆಕ್ಕೆ ಗಟ್ಟಿಯಾಗುವುದು ಬರ್ಸಿಕಾನ್ ಅನ್ನೋ ಹಾರ್ಮೋನಿನಿಂದ. ಒಂದು ಸಲ ಗಟ್ಟಿಯಾದರೆ ಮುಗಿಯಿತು, ನೀರು ಚಿಮುಕಿಸಿದರೂ ಇಲ್ಲ, ಎಳೆದರೂ ಇಲ್ಲ.

ಡಬ್ಬಿಯ ತಳದಲ್ಲಿ ಕಾಫಿ ಚೆಲ್ಲಿದ ಹಾಗೆ ಕಲೆ ನೋಡಿ ಅಮ್ಮ ರಕ್ತ ಅಂದುಕೊಂಡರು. ಅಲ್ಲ. ಕೋಶದೊಳಗೆ ಇದ್ದಾಗ ಸೇರಿದ ಕಸವನ್ನು ಚಿಟ್ಟೆ ಹೊರಬಂದ ಮೇಲೆ ಹೊರಹಾಕುತ್ತದೆ, ಅಷ್ಟೇ.

ಆಗಸ್ಟ್ 26

ಸೊಟ್ಟ ರೆಕ್ಕೆಯದು ಇವತ್ತು ಸತ್ತಿತು. ಒಂಬತ್ತು ದಿನ ಹತ್ತಿಯಲ್ಲಿ ಸಕ್ಕರೆ ನೀರು ಕೊಟ್ಟೆ. ಮೊದಲೆರಡು ದಿನ ಗುಂಡುಪಿನ್ನಿನಲ್ಲಿ ಅದರ ಸೊಂಡಿಲು ಬಿಚ್ಚಿ ಹತ್ತಿಗೆ ಮುಟ್ಟಿಸಬೇಕಾಯಿತು, ಆಮೇಲೆ ತಾನೇ ಕುಡಿಯುತ್ತಿತ್ತು. ಹೆಸರಿಡಬಾರದಿತ್ತು. ಇಟ್ಟಿದ್ದೆ.

ಡಬ್ಬಿ ಎಸೆದೆ. ತರಕಾರಿ ಬುಟ್ಟಿಗೆ ಸೊಳ್ಳೆ ಪರದೆ ಸುತ್ತಿ ಹೊಸ ಗೂಡು ಮಾಡಿದ್ದೇನೆ. ಎಲ್ಲಿ ಕಾಲಿಟ್ಟರೂ ಹಿಡಿತ ಸಿಗಬೇಕು, ಕೆಳಗೆ ರೆಕ್ಕೆ ಇಳಿಬಿಡಲು ಜಾಗ ಇರಬೇಕು. ಮಾರ್ಮನ್ ಕೋಶ ತಲೆ ಮೇಲೆ ಮಾಡಿ, ಸೊಂಟಕ್ಕೊಂದು ರೇಷ್ಮೆ ಎಳೆ ಕಟ್ಟಿಕೊಂಡು ಕೂರುತ್ತದೆ. ಹೋದ ಸಲ ಗೂಡು ಕ್ಲೀನ್ ಮಾಡುವಾಗ ಎರಡರ ಎಳೆ ಕಿತ್ತಿದ್ದೆ, ಕೋಶ ತಳದಲ್ಲೇ ಬಿದ್ದಿತ್ತು. ಉಳಿದೆರಡು ಸೊಟ್ಟ ಬಂದಿದ್ದು ಅವೇ. ಇನ್ನು ಮುಂದೆ ಎಳೆ ಕಿತ್ತರೆ ಕಡಲೆಕಾಯಿ ಕಟ್ಟುವ ಹಾಗೆ ಪೇಪರ್ ಸುರುಳಿ ಮಾಡಿ, ಅದರಲ್ಲಿ ಕೋಶ ನಿಲ್ಲಿಸಿ ಪರದೆಗೆ ಪಿನ್ ಹಾಕುತ್ತೇನೆ.

ಸೆಪ್ಟೆಂಬರ್ 14

ಎರಡನೇ ಬ್ಯಾಚ್: 14 ಕೋಶ, 13 ಸರಿ. ಖುಷಿ!

ಆ ಒಂದರದ್ದು ಬೇರೆ ಕಥೆ. ರೆಕ್ಕೆ ಪೂರ್ತಿ ಬಿಚ್ಚಿದೆ, ಆದರೆ ಎಡಗಡೆ ಹಿಂದಿನ ರೆಕ್ಕೆಯ ಅಂಚಿನಲ್ಲಿ ಒಂದು ಕಚ್ಚು. ಕೋಶದ ಫೋಟೋ ತೆಗೆದಿಟ್ಟಿದ್ದೆ, ದೊಡ್ಡದು ಮಾಡಿ ನೋಡಿದರೆ ಅದೇ ಜಾಗದಲ್ಲಿ ತಗ್ಗು! ಕಂಬಳಿಹುಳದ ಒಳಗೇ ರೆಕ್ಕೆಯ ಮೊಳಕೆ ಇರುತ್ತದೆ, ಕೋಶ ಆದಾಗ ರೆಕ್ಕೆಯ ಅಚ್ಚು ಹೊರಗಿನಿಂದಲೇ ಕಾಣುತ್ತದೆ. ಹೊಸ ಕೋಶ ತುಂಬಾ ಮೆತ್ತಗೆ. ಪಕ್ಕದ ಹುಳ ಅದರ ಮೇಲೆ ಹತ್ತಿ ಹೋಗಿದ್ದನ್ನು ನಾನೇ ನೋಡಿದ್ದೆ, ಅದೇ ಇರಬೇಕು. ಒಂದು ಬುಟ್ಟಿಗೆ ಹದಿನಾಲ್ಕು ಜಾಸ್ತಿ ಆಯಿತು.

ಹಿತ್ತಲಲ್ಲಿ ಕಾಣುವ ಎಲ್ಲ ಹರಕು ರೆಕ್ಕೆಯನ್ನೂ ಈ ಲೆಕ್ಕಕ್ಕೆ ಸೇರಿಸಬೇಡಿ. ಹಕ್ಕಿ ಕಚ್ಚಿದ್ದಾದರೆ ಚಿತ್ತಾರ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ, ಚಿಟ್ಟೆ ರೆಕ್ಕೆ ಮುಚ್ಚಿ ಕೂತಿದ್ದಾಗ ಕಚ್ಚಿದ್ದರೆ ಎರಡೂ ಕಡೆ ಒಂದೇ ಆಕಾರದ ತೂತು. ಹುಟ್ಟಿನಿಂದ ಬಂದ ಕಚ್ಚಾದರೆ ಅಂಚಿನ ಚಿತ್ತಾರವೂ ಅದರ ಜೊತೆಗೇ ಒಳಕ್ಕೆ ಬಾಗಿರುತ್ತದೆ.

ಸೆಪ್ಟೆಂಬರ್ 21

ಮೂಡಿಗೆರೆಗೆ ಹೋಗಿದ್ದೆ. ಚಿಕ್ಕಪ್ಪ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದಾರೆ. ನನ್ನ ಚಿಟ್ಟೆ ಕಥೆ ಕೇಳಿ, "ನಿನ್ನ ಡಬ್ಬಿಯ ತಪ್ಪೇ ಇರಬಹುದು ಮಾರಾಯ, ಆದರೆ ರೋಗದ್ದೂ ಸ್ವಲ್ಪ ನೋಡ್ಕೋ" ಅಂದರು. 90ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾಗಿದ್ದನ್ನು ನೋಡಿದವರು. ಅದು ಮರಿಹುಳಗಳನ್ನೇ ಕೊಲ್ಲುತ್ತದೆ, ರೆಕ್ಕೆಗೆ ಸಂಬಂಧ ಇಲ್ಲ.

ಜೇನಿನಲ್ಲಿ ರೆಕ್ಕೆ ಸುಕ್ಕಾಗಿಸುವ ವೈರಸ್ಸೇ ಬೇರೆ, ಅದನ್ನು ಜಾಸ್ತಿ ಹರಡುವುದು ವರೋವಾ ನುಸಿ. ತಮಾಷೆ ಅಂದರೆ ಆ ನುಸಿ ಮೂಲತಃ ತುಡುವೆಯದೇ. ಇಲ್ಲಿ ಹೆಚ್ಚಾಗಿ ಗಂಡುಹುಳಗಳ ಕೋಣೆಯಲ್ಲೇ ಮರಿ ಮಾಡುವುದರಿಂದ ಹೇಗೋ ಹೊಂದಿಕೊಂಡಿತ್ತು. ಯುರೋಪಿನ ಮೆಲ್ಲಿಫೆರಾ ಜೇನಿಗೆ ದಾಟಿದ ಮೇಲೆ ಕೆಲಸಗಾರ ಹುಳಗಳ ಕೋಣೆಗೂ ನುಗ್ಗಿತು.

ಸೆಪ್ಟೆಂಬರ್ 28

ಚಿಕ್ಕಪ್ಪನ ಮಾತು ತಲೆಯಲ್ಲಿ ಉಳಿದಿತ್ತು. ಎಕ್ಕದ ಗಿಡದಿಂದ ತಂದ ಎರಡು ಪ್ಲೇನ್ ಟೈಗರ್ ಹುಳಗಳಲ್ಲಿ ಒಂದು ಸುಕ್ಕು ರೆಕ್ಕೆ ಬಂತು, ಅದೂ ಪರದೆ ಗೂಡಿನಲ್ಲಿ, ಬೀಳದೆ. ಪ್ಲೇನ್ ಟೈಗರ್‌ನ ನೆಂಟ ಮೋನಾರ್ಕ್ ಚಿಟ್ಟೆಗೆ ಓಇ ಅನ್ನೋ ಪರಾವಲಂಬಿ ಕಾಟ ಇದೆ, 1960ರ ದಶಕದಲ್ಲಿ ಫ್ಲೋರಿಡಾದಲ್ಲಿ ಪತ್ತೆಯಾದದ್ದು. ಅದರ ಬೀಜಕಣ ತಾಯಿಯ ಮೈಯಿಂದ ಮೊಟ್ಟೆ, ಎಲೆ ಮೇಲೆ ಉದುರುತ್ತದೆ, ಹುಳ ತಿನ್ನುತ್ತದೆ. ಸೋಂಕು ಜೋರಾದರೆ ರೆಕ್ಕೆ ಬಿಚ್ಚುವುದಿಲ್ಲ. ಪರೀಕ್ಷೆ ಸುಲಭ: ಹೊಟ್ಟೆಗೆ ಸೆಲ್ಲೋಟೇಪ್ ಒತ್ತಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಗೆಳೆಯನೊಬ್ಬನ ಕಾಲೇಜಿನಲ್ಲಿ ನೋಡಿದೆವು. ಮಂಗಳೂರು ಹೆಂಚು ಚೆಲ್ಲಿದ ಹಾಗೆ ಬರೀ ಚಿಟ್ಟೆ ಮೈಯ ಹುರುಪೆ. ನಡುವೆ ಇರಬೇಕಾದ ಸಣ್ಣ ನಿಂಬೆಹಣ್ಣಿನಾಕಾರದ ಕಣ ಒಂದೂ ಕಾಣಲಿಲ್ಲ. ಆದರೂ ಆ ಗೂಡನ್ನು ಬ್ಲೀಚ್ ನೀರಲ್ಲಿ ತೊಳೆದು ಬಿಸಿಲಿಗಿಟ್ಟೆ.

ಇದನ್ನು ಹೇಳಿದಾಗ ಅದೇ ಗೆಳೆಯ ಫುಕುಶಿಮಾ ತೆಗೆದ. 2011ರ ಅಣುಸ್ಥಾವರ ದುರಂತದ ನಂತರ ಅಲ್ಲಿನ ಪೇಲ್ ಗ್ರಾಸ್ ಬ್ಲೂ ಚಿಟ್ಟೆಗಳಲ್ಲಿ ರೆಕ್ಕೆ, ಕಣ್ಣಿನ ಊನ ಕಂಡವು, ಮುಂದಿನ ಪೀಳಿಗೆಯಲ್ಲಿ ಜಾಸ್ತಿಯಾದವು ಅಂತ 2012ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ್ದರು. ಅದೇ ಜಾತಿಯ ಚಿಟ್ಟೆ ನಮ್ಮ ದೇಶದಲ್ಲೂ ಇದೆ. ಆದರೆ ನನ್ನ ಬುಟ್ಟಿಗೆ ಅಷ್ಟು ದೂರ ಹೋಗಬೇಕಿಲ್ಲ ಅಲ್ವಾ, ಜಾರುವ ಡಬ್ಬಿಯೇ ಸಾಕಿತ್ತು.

ಅಕ್ಟೋಬರ್ 5

ಮೂರನೇ ಬ್ಯಾಚ್ ಒಂಬತ್ತು ಕೋಶ, ಮೂರು ಬುಟ್ಟಿಯಲ್ಲಿ. ಏಳು ಬಂದವು, ಏಳೂ ಸರಿ. ಪೇಪರ್ ಸುರುಳಿಯಲ್ಲಿ ನಿಲ್ಲಿಸಿದ್ದೂ ಅದರಲ್ಲೊಂದು. ಎಂಟನೇದು ಇವತ್ತು ಸಂಜೆಯಿಂದ ಕಪ್ಪಾಗಿದೆ, ಸಿಪ್ಪೆಯೊಳಗಿಂದ ಬಿಳಿ ಚುಕ್ಕೆಗಳ ಸಾಲು ಕಾಣುತ್ತಿದೆ. ಅಲಾರಂ ಐದೂವರೆಗೆ ಇಟ್ಟಿದ್ದೇನೆ, ಕಡ್ಡಿ ಪಕ್ಕದಲ್ಲೇ ಇದೆ.