ಗಡ್ಡೆಯೊಳಗೆ ಯಾವ ಕೋಶ ಎಲ್ಲಿದೆ: ದೊಡ್ಡಕರುಳಿನ ಕ್ಯಾನ್ಸರಿನ ನಕ್ಷೆಗಳ ಕುರಿತು

ದೊಡ್ಡಕರುಳಿನ ಗಡ್ಡೆಯಲ್ಲಿ ಕ್ಯಾನ್ಸರ್ ಕೋಶಗಳಷ್ಟೇ ಇರುವುದಿಲ್ಲ. ಅಂಗಾಂಶಕ್ಕೆ ಆಧಾರ ಕೊಡುವ ಫೈಬ್ರೊಬ್ಲಾಸ್ಟ್‌ಗಳು, ರಕ್ತನಾಳಗಳು, ರೋಗನಿರೋಧಕ ವ್ಯವಸ್ಥೆಗೆ ಸೇರಿದ ಮ್ಯಾಕ್ರೊಫೇಜ್‌ಗಳು, ನ್ಯೂಟ್ರೊಫಿಲ್‌ಗಳು, ಟಿ ಮತ್ತು ಬಿ ಕೋಶಗಳು ಅದರಲ್ಲಿ ಬೆರೆತಿರುತ್ತವೆ. ಇವುಗಳಲ್ಲಿ ಯಾವುದು ಎಷ್ಟಿದೆ ಎಂದು ತಿಳಿಯಲು ಅಂಗಾಂಶವನ್ನು ಅರೆದು ಅಥವಾ ಕಿಣ್ವಗಳ ನೆರವಿನಿಂದ ಬಿಡಿ ಕೋಶಗಳಾಗಿ ಬೇರ್ಪಡಿಸಿ ಅಳೆಯುವ ರೂಢಿಯಿದೆ. ಹಾಗೆ ಮಾಡಿದಾಗ ಎಣಿಕೆಯೇನೋ ಸಿಗುತ್ತದೆ, ಆದರೆ ಯಾವ ಕೋಶ ಯಾವುದರ ಪಕ್ಕದಲ್ಲಿತ್ತು ಎಂಬುದು ಅಳಿಸಿಹೋಗುತ್ತದೆ. ಗಡ್ಡೆಯ ಹೊರ ಅಂಚಿನಲ್ಲೇ ನಿಂತುಬಿಟ್ಟ ಟಿ ಕೋಶಕ್ಕೂ ಒಳಹೊಕ್ಕು ಕ್ಯಾನ್ಸರ್ ಕೋಶಕ್ಕೆ ತಾಗಿಕೊಂಡಿರುವ ಟಿ ಕೋಶಕ್ಕೂ ಆ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ರೋಗಿಯ ಪಾಲಿಗೆ ಆ ವ್ಯತ್ಯಾಸ ದೊಡ್ಡದು. 2006ರಲ್ಲಿ ಪ್ಯಾರಿಸ್‌ನ ಜೆರೋಮ್ ಗಲೋನ್ ಮತ್ತು ಸಂಗಡಿಗರು ಗಡ್ಡೆಯ ನಡುಭಾಗವನ್ನೂ, ಅದು ಸುತ್ತಲಿನ ಅಂಗಾಂಶಕ್ಕೆ ನುಗ್ಗುವ ಅಂಚನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ಈ ಎರಡೂ ಕಡೆ ಟಿ ಕೋಶಗಳು ಎಷ್ಟು ದಟ್ಟವಾಗಿವೆ ಎಂಬುದರಿಂದ ರೋಗ ಮರುಕಳಿಸುವ ಸಾಧ್ಯತೆಯನ್ನು ಅಂದಾಜು ಮಾಡಬಹುದೆಂದು ತೋರಿಸಿದರು. ಇದೇ ಮುಂದೆ ಇಮ್ಯುನೊಸ್ಕೋರ್ ಎಂಬ ಪರೀಕ್ಷೆಯಾಯಿತು. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವು 2681 ರೋಗಿಗಳಲ್ಲಿ ಅದನ್ನು ಒರೆಗೆ ಹಚ್ಚಿತು. ಬಳಸಿದ್ದು ಟಿ ಕೋಶಗಳನ್ನು ಪತ್ತೆಹಚ್ಚಲು ನೆರವಾಗುವ ಸಿಡಿ3 ಮತ್ತು ಸಿಡಿ8 ಎಂಬ ಎರಡೇ ಗುರುತು-ಪ್ರೋಟೀನುಗಳನ್ನು, ನೋಡಿದ್ದು ಎರಡೇ ವಲಯಗಳನ್ನು. ಹತ್ತಾರು ಗುರುತುಗಳ ನೆರವಿನಿಂದ ಪ್ರತಿ ಕೋಶವನ್ನೂ ಅದು ಇದ್ದ ಜಾಗದಲ್ಲೇ ತೋರಿಸುವ ಇಂದಿನ ಬಣ್ಣಬಣ್ಣದ ನಕ್ಷೆಗಳ ಎದುರು ಇದು ತೀರಾ ಸರಳವೆನಿಸಬಹುದು, ಆದರೆ ಅವುಗಳಲ್ಲಿ ಹೆಚ್ಚಿನವು ಇಷ್ಟು ಜನರಲ್ಲಿ ಇನ್ನೂ ಪರೀಕ್ಷೆಗೆ ಒಳಗಾಗಿಲ್ಲ ಎಂಬುದನ್ನು ಮರೆಯಬಾರದು.

ಆ ಹೊಸ ನಕ್ಷೆಗಳಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಸ್ಟ್ಯಾನ್‌ಫರ್ಡ್‌ನ ಗ್ಯಾರಿ ನೋಲನ್ ಅವರ ಪ್ರಯೋಗಾಲಯದಿಂದ 2020ರಲ್ಲಿ ಬಂದ ಕೆಲಸ. ಕೋಡೆಕ್ಸ್ ಎಂಬ ಅವರ ವಿಧಾನದಲ್ಲಿ ಒಂದೊಂದು ಗುರುತಿಗೆ ಅಂಟಿಕೊಳ್ಳುವ ಪ್ರತಿಯೊಂದು ಪ್ರತಿಕಾಯಕ್ಕೂ ಡಿಎನ್‌ಎಯ ಒಂದೊಂದು ಚಿಕ್ಕ ಎಳೆಯನ್ನು ಜೋಡಿಸಿ, ಎಲ್ಲವನ್ನೂ ಒಮ್ಮೆಲೇ ಅಂಗಾಂಶಕ್ಕೆ ಅಂಟಿಸುತ್ತಾರೆ. ನಂತರ ಆ ಎಳೆಗಳಿಗೆ ಹೊಂದುವ ಹೊಳೆಯುವ ಎಳೆಗಳನ್ನು ಕೆಲವು ಕೆಲವಾಗಿ ಹಾಕಿ, ಚಿತ್ರ ತೆಗೆದು, ತೊಳೆದು, ಮುಂದಿನವನ್ನು ಹಾಕುತ್ತಾರೆ. ಹೀಗೆ 35 ರೋಗಿಗಳ 140 ತುಣುಕುಗಳಲ್ಲಿ 56 ಗುರುತುಗಳನ್ನು ನೋಡಿ, ಪ್ರತಿ ಕೋಶದ ಸುತ್ತಲಿನ ಅತಿ ಹತ್ತಿರದ ಕೋಶಗಳು ಯಾವ ಬಗೆಯವು ಎಂದು ಪಟ್ಟಿಮಾಡಿ, ಒಂದೇ ತೆರನಾದ ಪಟ್ಟಿಗಳನ್ನು ಒಟ್ಟುಗೂಡಿಸಿದಾಗ ಒಂಬತ್ತು ಬಗೆಯ ನೆರೆಹೊರೆಗಳು ಕಂಡುಬಂದವು. ಹೆಚ್ಚು ಅಪಾಯದಲ್ಲಿದ್ದ ರೋಗಿಗಳ ಗುಂಪಿನಲ್ಲಿ ಪಿಡಿ-1 ಎಂಬ ಪ್ರೋಟೀನನ್ನು ಹೊತ್ತ, ಸಿಡಿ4 ಎಂಬ ಬಗೆಯ ಟಿ ಕೋಶಗಳ ಸಮೃದ್ಧಿಗೂ ಹೆಚ್ಚು ಕಾಲ ಬದುಕುಳಿಯುವಿಕೆಗೂ ನಂಟು ಕಾಣಿಸಿತು, ಆದರೆ ಆ ಕೋಶಗಳು ಗ್ರಾನ್ಯುಲೊಸೈಟ್‌ಗಳ (ನ್ಯೂಟ್ರೊಫಿಲ್‌ನಂಥ ಬಿಳಿರಕ್ತಕಣಗಳ) ನೆರೆಹೊರೆಯಲ್ಲಿ ಇದ್ದಾಗ ಮಾತ್ರ. ಗಡ್ಡೆಯನ್ನು ಅರೆದು ಎಣಿಸಿದ್ದರೆ ಈ ಸಂಗತಿ ಕೈಗೆ ಸಿಗುತ್ತಿರಲಿಲ್ಲ.

ಹಾಗೆಂದು ಕೋಶಗಳನ್ನು ಬಿಡಿಸಿ ನೋಡುವ ವಿಧಾನವನ್ನು ಬದಿಗೆ ಸರಿಸಬೇಕಿಲ್ಲ. 2021ರಲ್ಲಿ 62 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು ಮೊದಲು ಬಿಡಿ ಕೋಶಗಳ ಜೀನ್ ಚಟುವಟಿಕೆಯನ್ನು ಅಳೆದು, ಯಾವ ಚಟುವಟಿಕೆಗಳು ರೋಗಿಯಿಂದ ರೋಗಿಗೆ ಜೊತೆಯಾಗಿ ಏರಿಳಿಯುತ್ತವೆ ಎಂದು ಗುರುತಿಸಿ, ಆಮೇಲೆ ಆ ಕೋಶಗಳನ್ನು ಅಂಗಾಂಶದಲ್ಲಿ ಹುಡುಕಿತು. ಡಿಎನ್‌ಎ ದುರಸ್ತಿಯ ಒಂದು ವ್ಯವಸ್ಥೆ ಕೆಟ್ಟಿರುವ ಗಡ್ಡೆಗಳು ದೊಡ್ಡಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ಶೇ. 15ರಷ್ಟಿವೆ. ರೋಗನಿರೋಧಕ ವ್ಯವಸ್ಥೆಯನ್ನು ಗಡ್ಡೆಯ ವಿರುದ್ಧ ಹುರಿದುಂಬಿಸುವ ಇಮ್ಯುನೊಥೆರಪಿ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವವು ಮುಖ್ಯವಾಗಿ ಇವೇ. ಅಂಥ ಗಡ್ಡೆಗಳಲ್ಲಿ ಚುರುಕಾದ ಟಿ ಕೋಶಗಳೂ, ಅವುಗಳನ್ನು ಸೆಳೆಯುವ ಕೀಮೊಕೈನ್ ಎಂಬ ಸಂಕೇತ-ಪ್ರೋಟೀನುಗಳನ್ನು ಸೂಸುವ ಕ್ಯಾನ್ಸರ್ ಕೋಶಗಳೂ ಮೈಲಾಯ್ಡ್ ಕೋಶಗಳೂ (ಮ್ಯಾಕ್ರೊಫೇಜ್‌ನಂಥವು) ಒಂದೇ ಕಡೆ ಗುಂಪುಗೂಡಿರುವುದು ಕಂಡಿತು.

ಇನ್ನು ನಕ್ಷೆಯ ನಂಬಲರ್ಹತೆಯ ಮಾತು. ಸ್ಲೈಡ್ ಮೇಲಿನ ಅಂಗಾಂಶದ ದಪ್ಪ ನಾಲ್ಕೈದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ), ಅಂದರೆ ಎಷ್ಟೋ ಬಗೆಯ ಕೋಶಗಳಲ್ಲಿ ಒಂದೇ ಕೋಶದ ಅಗಲಕ್ಕಿಂತಲೂ ಕಡಿಮೆ. ಹೀಗಾಗಿ ಅನೇಕ ಕೋಶಗಳ ಒಂದು ಹೋಳು ಮಾತ್ರ ಅಲ್ಲಿ ಉಳಿದಿರುತ್ತದೆ. ಕ್ಯಾನ್ಸರ್ ಕೋಶಕ್ಕೆ ಒತ್ತಿಕೊಂಡ ಟಿ ಕೋಶದ ಗಡಿಯನ್ನು ಸಾಫ್ಟ್‌ವೇರ್ ಅರ್ಧ ಮೈಕ್ರಾನ್ ಆಚೀಚೆ ಎಳೆದರೂ ಒಂದರ ಹೊಳಪು ಇನ್ನೊಂದರ ಲೆಕ್ಕಕ್ಕೆ ಸೇರಿ, ಕ್ಯಾನ್ಸರ್ ಕೋಶದ ಗುರುತಾದ ಕೆರಟಿನ್ ಮತ್ತು ಟಿ ಕೋಶದ ಗುರುತಾದ ಸಿಡಿ8 ಎರಡನ್ನೂ ಹೊತ್ತ, ದೇಹದಲ್ಲಿ ಎಲ್ಲೂ ಇರದ ಕೋಶವೊಂದು ಕೋಷ್ಟಕದಲ್ಲಿ ಹುಟ್ಟಿಕೊಳ್ಳುತ್ತದೆ. ಇಂಥವನ್ನು ಕಸವೆಂದು ತೆಗೆದುಹಾಕುವುದು ಸುಲಭ. ಆದರೆ ಅವು ಹುಟ್ಟುವುದು ಎರಡು ಕೋಶಗಳು ತೀರಾ ಹತ್ತಿರವಿದ್ದಲ್ಲಿಯೇ, ಅಂದರೆ ನಾವು ಅರಿಯಬಯಸಿದ ಜಾಗದಲ್ಲಿಯೇ. ಆದ್ದರಿಂದ ತೆಗೆದುಹಾಕಿದಷ್ಟೂ ನಿಜವಾದ ಸಂಪರ್ಕಗಳು ಕಡಿಮೆ ಎಣಿಕೆಯಾಗುತ್ತವೆ. ನೆರೆಹೊರೆಯೆಂದರೆ ಹತ್ತು ಕೋಶಗಳೋ ಇಪ್ಪತ್ತೋ, ಒಟ್ಟು ಎಷ್ಟು ಬಗೆಗಳಾಗಿ ವಿಂಗಡಿಸಬೇಕು ಎಂಬುದನ್ನು ತೀರ್ಮಾನಿಸುವವರೂ ನಕ್ಷೆ ಬರೆಯುವವರೇ. ಗಡಿಗಳು ಗಡ್ಡೆಯಲ್ಲಿ ಎಷ್ಟಿವೆಯೋ ಅಷ್ಟೇ ನಮ್ಮ ಆಯ್ಕೆಯಲ್ಲೂ ಇವೆ ಎಂದು ನನಗನ್ನಿಸುತ್ತದೆ.

ಪೀಟರ್ ಸೋರ್ಗರ್ ಅವರ ಹಾರ್ವರ್ಡ್ ತಂಡ 2023ರಲ್ಲಿ ಒಂದರ ಹಿಂದೊಂದು ಕೊಯ್ದ ಪದರಗಳನ್ನು ಜೋಡಿಸಿ ದೊಡ್ಡಕರುಳಿನ ಗಡ್ಡೆಯೊಂದನ್ನು ಮೂರು ಆಯಾಮಗಳಲ್ಲಿ ಕಟ್ಟಿತು. ಬಿ ಮತ್ತು ಟಿ ಕೋಶಗಳು ಕೂಡಿ ಗಡ್ಡೆಯ ಬಳಿ ರೂಪಿಸುವ, ದುಗ್ಧಗ್ರಂಥಿಯನ್ನು ಹೋಲುವ ಗಂಟುಗಳು ಒಂದು ಪದರದಲ್ಲಿ ಪ್ರತ್ಯೇಕವಾಗಿ ಕಂಡರೂ, ಪದರಗಳನ್ನು ಒಟ್ಟಿಗೆ ನೋಡಿದಾಗ ಒಂದಕ್ಕೊಂದು ಕೂಡಿಕೊಂಡ ಜಾಲವಾಗಿದ್ದವು. ಕವಲೊಡೆದ ಕೊಂಬೆಯನ್ನು ಅಡ್ಡಲಾಗಿ ಕೊಯ್ದರೆ ಬಿಡಿ ವೃತ್ತಗಳಷ್ಟೇ ಕಾಣುವಂತೆ. ಸಣ್ಣ ತುಣುಕುಗಳ ಕುರಿತು ಅದೇ ತಂಡ ಕೊಟ್ಟ ಎಚ್ಚರಿಕೆ ಇನ್ನೂ ಮುಖ್ಯವಾದದ್ದು: ಅಕ್ಕಪಕ್ಕದ ಕೋಶಗಳು ಒಂದನ್ನೊಂದು ಹೋಲುವುದರಿಂದ, ತುಣುಕಿನಲ್ಲಿ ಸಾವಿರಾರು ಕೋಶಗಳಿದ್ದರೂ ಅವು ಸಾವಿರಾರು ಸ್ವತಂತ್ರ ಸಾಕ್ಷ್ಯಗಳಾಗುವುದಿಲ್ಲ.

ಚಿಕಿತ್ಸೆಗೆ ಹತ್ತಿರದ ದಾರಿಯಾಗಿ ನನಗೆ ಕಾಣುವುದು, ಅದೇ ತಂಡದವರು ತೊಡಗಿಕೊಂಡ ಒರಾಯನ್ ಎಂಬ ವಿಧಾನ. ಅದರಲ್ಲಿ ಒಂದೇ ತೆಳುಪದರದ ಮೇಲೆ ಹದಿನೈದಕ್ಕೂ ಹೆಚ್ಚು ಗುರುತುಗಳ ಚಿತ್ರವನ್ನೂ, ರೋಗಶಾಸ್ತ್ರಜ್ಞರು ದಿನವೂ ನೋಡುವ ಹೆಮಟಾಕ್ಸಿಲಿನ್-ಇಯೊಸಿನ್ ಬಣ್ಣದ ಗುಲಾಬಿ-ನೇರಳೆ ಚಿತ್ರವನ್ನೂ ಪಡೆಯಬಹುದು. ಅಂಚಿನಲ್ಲಿ ಗುಂಪಿನಿಂದ ಕಳಚಿಕೊಂಡ ನಾಲ್ಕೈದು ಕ್ಯಾನ್ಸರ್ ಕೋಶಗಳು ಆ ಗುಲಾಬಿ ಚಿತ್ರದಲ್ಲಿ ಕಣ್ಣಿಗೆ ಬಿದ್ದರೆ, ಅವುಗಳ ಸುತ್ತ ಟಿ ಕೋಶಗಳಿವೆಯೋ ಇಲ್ಲವೋ ಎಂಬುದನ್ನು ಪಕ್ಕದ ಪದರದಿಂದ ಊಹಿಸಬೇಕಿಲ್ಲ, ಅದೇ ಜಾಗದಲ್ಲಿ ನೋಡಿ ಹೇಳಬಹುದು.