ರದ್ದಾಗಿಲ್ಲ ಅಂತ ಯಾರು ಹೇಳಿದರು?

ಈ ವಾರ ನೋಡಿದ ಲಾಗ್‌ನ (ಆರ್ಡರ್, ಪಾವತಿ, ರವಾನೆಗೆ ಬೇರೆಬೇರೆ ಸರ್ವಿಸ್‌ಗಳಿರುವ ಸಿಸ್ಟಮ್‌ನ ಘಟನೆಗಳ ದಾಖಲೆ) ನಾಲ್ಕು ಸಾಲು ಇನ್ನೂ ತಲೆಯಲ್ಲೇ ಕೂತಿವೆ. 10:00:04ಕ್ಕೆ ಗ್ರಾಹಕರು ಆರ್ಡರ್ ರದ್ದು ಮಾಡಿದ್ದಾರೆ. 10:00:05ಕ್ಕೆ ಪಾವತಿ ಖಚಿತವಾಗಿದೆ. 10:00:06ಕ್ಕೆ ರವಾನೆ ಸರ್ವಿಸ್ ಪಾರ್ಸೆಲ್ ಹೊರಡಿಸಿದೆ. ರದ್ದತಿಯ ಸಂದೇಶ ಅದಕ್ಕೆ ಸಿಕ್ಕಿದ್ದು 10:00:09ಕ್ಕೆ.

ರವಾನೆ ಸರ್ವಿಸ್‌ನ ರೂಲ್ ಓದಿದರೆ ತಪ್ಪೇ ಕಾಣುವುದಿಲ್ಲ: ಪಾವತಿ ಬಂದಿದ್ದು, ಆರ್ಡರ್ ರದ್ದಾಗಿರದಿದ್ದರೆ, ಕಳುಹಿಸು. ರಿವ್ಯೂನಲ್ಲಿ ತಂಡದ ಅತಿ ಕಿರಿಯ ಎಂಜಿನಿಯರ್ ಕೇಳಿದ್ದು ಒಂದೇ ಮಾತು: “ರದ್ದಾಗಿಲ್ಲ ಅಂತ ಇದಕ್ಕೆ ಯಾರು ಹೇಳಿದರು?”

ಯಾರೂ ಹೇಳಿರಲಿಲ್ಲ. ರದ್ದತಿಯ ಸಂದೇಶ ಬಾರದ್ದನ್ನೇ ರೂಲ್ ‘ರದ್ದಾಗಿಲ್ಲ’ ಎಂದು ಹಿಡಿದಿತ್ತು. ಸಾಬೀತುಪಡಿಸಲಾಗದ್ದನ್ನು ಸುಳ್ಳೆಂದು ಹಿಡಿಯುವುದು ಪ್ರೊಲಾಗ್ ಎಂಬ ತರ್ಕಾಧಾರಿತ ಪ್ರೋಗ್ರಾಮಿಂಗ್ ಭಾಷೆಯ ಕಾಲದಿಂದಲೂ ಇರುವ ಪದ್ಧತಿ. ಕಂಪ್ಯೂಟರ್ ವಿಜ್ಞಾನಿ ಕೀತ್ ಕ್ಲಾರ್ಕ್ 1978ರಲ್ಲಿ ಅದಕ್ಕೆ ತರ್ಕದ ಬುನಾದಿ ಹಾಕಿಕೊಟ್ಟರು. ಸಂಗತಿಗಳೆಲ್ಲ ಒಂದೇ ಕಡೆ ಇದ್ದಾಗ ಅದು ಸರಿಯಾಗಿಯೇ ನಡೆಯುತ್ತದೆ. ಸರ್ವಿಸ್‌ಗಳ ನಡುವೆ ಹಾಗಲ್ಲ. ಸಂದೇಶ ಕ್ಯೂನಲ್ಲಿ (ಸಂದೇಶಗಳು ಕಾಯುವ ಸಾಲಿನಲ್ಲಿ) ಸಿಕ್ಕಿಬೀಳುತ್ತದೆ, ಹಿಂದುಮುಂದಾಗುತ್ತದೆ, ಎರಡೆರಡು ಸಲ ಬರುತ್ತದೆ.

ಐದು ಸೆಕೆಂಡ್ ಕಾದು ಕಳುಹಿಸಿದರಾಯಿತು ಎಂದವರೂ ಇದ್ದರು. ಅನುಭವಸ್ಥರ ಬಾಯಲ್ಲಿ ಇಂಥ ಮಾತು ಬಂದಾಗ ಬೇಸರವಾಗುತ್ತದೆ. ಕ್ಯೂ ತುಂಬಿದ ದಿನ ಸಂದೇಶ ಐವತ್ತು ಸೆಕೆಂಡ್ ತಡವಾದರೆ? ಟೈಮ್‌ಸ್ಟ್ಯಾಂಪ್ ಹೋಲಿಸಿಯೂ ಪ್ರಯೋಜನವಿಲ್ಲ. ಎರಡು ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸುತ್ತದೆಂಬ ಭರವಸೆಯಿಲ್ಲ. ಎಷ್ಟು ಕಾದರೂ ಆ ಕಿರಿಯ ಎಂಜಿನಿಯರ್ ಹುಡುಗಿಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಉತ್ತರ ಹೇಳುವ ಹಕ್ಕು ಆರ್ಡರ್ ಸರ್ವಿಸ್‌ಗೆ ಮಾತ್ರ ಇರಬೇಕು. ಪ್ರತಿ ಆರ್ಡರ್‌ನ ಡೇಟಾಬೇಸ್ ಸಾಲಿನಲ್ಲಿ ಒಂದು ಸ್ಥಿತಿ, ಸಾಲು ಬದಲಾದಾಗಲೆಲ್ಲ ಏರುವ ಒಂದು ಆವೃತ್ತಿ ಸಂಖ್ಯೆ ಇಡಿ. ಪಾವತಿ ಬಂದಾಗ ಸ್ಥಿತಿ ‘ತೆರೆದಿದೆ’ ಎಂದೇ ಇದ್ದು, ಓದಿದ ಆವೃತ್ತಿಯೇ ಉಳಿದಿದ್ದರೆ ಮಾತ್ರ ಅದನ್ನು ‘ಅಂತಿಮ’ ಮಾಡಿ. ಅದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲವೂ ಆಗುವ, ಇಲ್ಲದಿದ್ದರೆ ಯಾವುದೂ ಆಗದ ಬರಹದ ಗುಂಪಿನಲ್ಲಿ) ‘ಅಂತಿಮವಾಯಿತು’ ಎಂಬ ಸಂದೇಶವನ್ನೂ ಔಟ್‌ಬಾಕ್ಸ್ ಟೇಬಲ್‌ಗೆ, ಅಂದರೆ ಹೊರಗೆ ಕಳುಹಿಸಬೇಕಾದ ಸಂದೇಶಗಳ ಪಟ್ಟಿಗೆ, ಬರೆಯಿರಿ. ಬೇರೆಬೇರೆಯಾಗಿ ಬರೆದರೆ ನಡುವೆ ಸರ್ವಿಸ್ ಬಿದ್ದಾಗ ಒಂದು ಉಳಿದು ಇನ್ನೊಂದು ಕಳೆದುಹೋಗುತ್ತದೆ. ರದ್ದತಿ ಮೊದಲು ಬಂದರೆ ಹಣ ವಾಪಸ್. ಅಂತಿಮವಾದ ಮೇಲೆ ಬಂದರೆ ಅದು ರದ್ದತಿಯಲ್ಲ, ಸರಕು ಹಿಂದಿರುಗಿಸುವ ಅರ್ಜಿ. ಈಗ ರವಾನೆಯ ರೂಲ್‌ನಲ್ಲಿ ‘ರದ್ದಾಗಿರದಿದ್ದರೆ’ ಎಂಬ ನಕಾರವೇ ಉಳಿಯುವುದಿಲ್ಲ: ಅಂತಿಮವಾದರೆ ಕಳುಹಿಸು. ಒಂದೇ ಸಂದೇಶ ಎರಡು ಸಲ ಬಂದರೆ ಎರಡು ಪಾರ್ಸೆಲ್ ಹೋಗದಂತೆ ಆರ್ಡರ್ ಐಡಿಗೆ ಯೂನಿಕ್ ಕೀ (ಒಂದೇ ಐಡಿ ಎರಡು ಸಲ ದಾಖಲಾಗದಂತೆ ತಡೆಯುವ ಕಟ್ಟುಪಾಡು) ಇರಲಿ.

ನಕಾರವನ್ನು ಪೂರ್ತಿ ಬಿಡಬೇಕೆಂದಲ್ಲ, ಅದಕ್ಕೊಂದು ಗಡುವು ಬೇಕು. ‘ಎಂದಾದರೂ ಉತ್ತರ ಬರಬೇಕು’ ಎಂಬ ರೂಲ್ ಮುರಿದಿದೆ ಎಂದು ಓಡುತ್ತಿರುವ ಲಾಗ್ ನೋಡಿ ಯಾವತ್ತೂ ಹೇಳಲಾಗುವುದಿಲ್ಲ, ನಾಳೆ ಬಂದೀತಲ್ಲ! ‘ಆರ್ಡರ್ ಅಂತಿಮವಾದ ಮೇಲೆ 30 ನಿಮಿಷದೊಳಗೆ ರವಾನೆಯ ಸಂದೇಶ ಕಾಣದಿದ್ದರೆ ಎಚ್ಚರಿಸು’ ಎಂದು ಬರೆದರೆ ಪರೀಕ್ಷಿಸಬಹುದು. ಸಂದೇಶ 31ನೇ ನಿಮಿಷಕ್ಕೆ ಬಂದರೆ ಎಚ್ಚರಿಕೆಯನ್ನು ಮುಚ್ಚಿದರಾಯಿತು.