ದಾವಣಗೆರೆಯಿಂದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ: ಬೈಕ್ ಮೇಲೆ ಕೂರೋದು ಕಲಿಯಲು 575 ಕಿಲೋಮೀಟರ್

ದಾವಣಗೆರೆ ಪಕ್ಕದಲ್ಲೇ ಹಾದು ಹೋಗುವ ಹೈವೇ ಇದೆಯಲ್ಲ, ಎನ್‌ಎಚ್ 48, ಅದೇ ರಸ್ತೆಯಲ್ಲಿ ಚೆನ್ನೈ ಕಡೆಗೆ ಹೋಗುತ್ತಾ ಇದ್ದರೆ ಊರು ಶುರುವಾಗೋಕೆ ಸ್ವಲ್ಪ ಮೊದಲು ಇರುಂಗಾಟ್ಟುಕೋಟೈ ಸಿಗುತ್ತದೆ. ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇರುವುದು ಅಲ್ಲೇ. 1990ರಲ್ಲಿ ಶುರುವಾದ ಟ್ರ್ಯಾಕ್. ಹಳಬರು ಈಗಲೂ ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್) ಅಂತಲೇ ಕರೆಯುತ್ತಾರೆ. ಒಂದು ಸುತ್ತು 3.7 ಕಿ.ಮೀ., ತಿರುವು 12. ನಮ್ಮೂರಿಂದ ಸುಮಾರು 575 ಕಿ.ಮೀ.

ಹೋದ ಜನವರಿಯಲ್ಲಿ ನಾನು, ನನ್ನ ಗೆಳೆಯ ಇಬ್ಬರೂ ನಮ್ಮ ನಮ್ಮ ಬೈಕಲ್ಲೇ ಹೋಗಿ ಒಂದು ದಿನದ ಟ್ರ್ಯಾಕ್ ತರಬೇತಿ ಮುಗಿಸಿಕೊಂಡು ಬಂದೆವು. ಈಗ ಚಿತ್ರದುರ್ಗ, ಹರಿಹರ ಕಡೆಯ ಹುಡುಗರೂ ಹೇಗೆ ಹೋದ್ರಿ, ಏನೇನು ಬೇಕು ಅಂತ ಕೇಳುತ್ತಿದ್ದಾರೆ. ಅವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾವು ಹೋಗಿದ್ದು ವೇಗಕ್ಕಲ್ಲ, ಬಾಡಿ ಪೊಸಿಷನ್, ಅಂದರೆ ತಿರುವಲ್ಲಿ ಬೈಕ್ ಮೇಲೆ ಮೈ ಹೇಗಿರಬೇಕು ಅನ್ನೋದನ್ನ ಸರಿ ಮಾಡಿಕೊಳ್ಳೋಕೆ. ನನ್ನದು ಕೆಟಿಎಂ ಆರ್‌ಸಿ 390, ಅವನದು ಯಮಹಾ ಆರ್15. ಎರಡು ವರ್ಷ ಫೋಟೋ, ವಿಡಿಯೋ ನೋಡಿ ನೋಡಿ ಸೀಟಿನಿಂದ ಪಕ್ಕಕ್ಕೆ ಜಾರೋದು, ಮೊಣಕಾಲು ಚಾಚೋದು ಎಲ್ಲ ಅಭ್ಯಾಸ ಮಾಡಿದ್ದೆವು. ನೋಡೋಕೆ ಚೆನ್ನಾಗೇ ಇತ್ತು. ಆದರೆ ತಿರುವಲ್ಲಿ ಬೈಕ್ ಅಲುಗಾಡುತ್ತಿತ್ತು, ಅರ್ಧ ತಿರುವು ಆಗುವಷ್ಟರಲ್ಲಿ ಹೊರಗಡೆಗೆ ಎಳೆಯುತ್ತಿತ್ತು. ಟೈರ್ ಬದಲಾಯಿಸಿದೆ, ಸಸ್ಪೆನ್ಷನ್ ಗಟ್ಟಿ ಮಾಡಿಸಿದೆ. ಸರಿಹೋಗಲಿಲ್ಲ.

ಮೊದಲು ದಾರಿ. ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಡಿ. ಬೆಣ್ಣೆ ದೋಸೆ ತಿಂದೇ ಹೊರಡೋಣ ಅಂದರೆ ಅಲ್ಲೇ ಎಂಟು ಗಂಟೆ ಆಗುತ್ತದೆ, ದೋಸೆ ವಾಪಸ್ ಬಂದ ಮೇಲೆ ಇರಲಿ. ಚಿತ್ರದುರ್ಗ ಕತ್ತಲಲ್ಲೇ ದಾಟುತ್ತೀರಿ, ಹಿರಿಯೂರು ಬಿಟ್ಟ ಮೇಲೆ ತಿಂಡಿಗೆ ನಿಲ್ಲಬಹುದು. ಬೆಂಗಳೂರಿನ ಒಳಗೆ ಹೋಗಲೇಬೇಡಿ. ತುಮಕೂರು ರಸ್ತೆಯಲ್ಲೇ ನೈಸ್ ರೋಡ್ ಹತ್ತಿ ಎಲೆಕ್ಟ್ರಾನಿಕ್ ಸಿಟಿ ಹತ್ತಿರ ಹೊಸೂರು ರಸ್ತೆಗೆ ಇಳಿಯಿರಿ. ನೈಸ್ ರೋಡಲ್ಲಿ ಬೈಕಿಗೂ ಟೋಲ್ ಉಂಟು. ಇನ್ನೊಂದು, 2022ರಿಂದ ಅಲ್ಲಿ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಬೈಕ್ ಬಿಡುವುದಿಲ್ಲ, ವಾಪಸ್ ಬರುವಾಗ ತಡವಾದರೆ ಇದೇ ಕೈಕೊಡೋದು. ಆಮೇಲೆ ಕೃಷ್ಣಗಿರಿ, ವಾಣಿಯಂಬಾಡಿ, ಆಂಬೂರು, ವೆಲ್ಲೂರು, ವಾಲಾಜಾಪೇಟೆ, ಶ್ರೀಪೆರಂಬುದೂರು. ನೇರ ರಸ್ತೆ, ಲಾರಿ ಜಾಸ್ತಿ. ಆಂಬೂರಲ್ಲಿ ಬಿರಿಯಾನಿ ತಿನ್ನದೆ ಬರೋಕೆ ಆಗಲ್ಲ, ತಿನ್ನಿ, ಆದರೆ ಹೊಟ್ಟೆ ಬಿರಿಯೋ ಹಾಗೆ ಬೇಡ, ಮುಂದಿನ ನೂರೈವತ್ತು ಕಿಲೋಮೀಟರ್ ಕಣ್ಣು ಎಳೆಯುತ್ತದೆ.

ನಾವು ಮಾಡಿದ ತಪ್ಪು ಹೇಳುತ್ತೇನೆ. ಹಿಂದಿನ ದಿನ ಸಂಜೆ ಐದಕ್ಕೆ ಶ್ರೀಪೆರಂಬುದೂರು ಸೇರಿ, ಲಾಡ್ಜಲ್ಲಿ ಮಲಗಿ, ಬೆಳಗ್ಗೆ ಆರೂವರೆಗೆ ಟ್ರ್ಯಾಕಲ್ಲಿ ನಿಂತೆವು. ಬಗ್ಗಿ ಕೂರುವ ಬೈಕಲ್ಲಿ ಅಷ್ಟು ದೂರ ಬಂದರೆ ಮಣಿಕಟ್ಟು, ಕತ್ತು ಎರಡೂ ಹೋಗಿರುತ್ತವೆ. ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಇಲ್ಲಾಂದ್ರೆ ಕೃಷ್ಣಗಿರಿಯಲ್ಲೋ ವೆಲ್ಲೂರಲ್ಲೋ ಒಂದು ರಾತ್ರಿ ನಿಂತು ಹೋಗಿ. ತಿಂಗಳ ವಿಷಯಕ್ಕೆ ಬಂದರೆ ಜನವರಿ, ಫೆಬ್ರವರಿ ಒಳ್ಳೆಯದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕಡೆ ಹಿಂಗಾರು ಮಳೆ, ಏಪ್ರಿಲ್ ನಂತರ ಲೆದರ್ ಸೂಟ್ ಹಾಕಿಕೊಂಡು ನಿಲ್ಲೋಕೇ ಆಗುವುದಿಲ್ಲ.

ಟ್ರ್ಯಾಕ್ ಹುಡುಕೋದು ಕಷ್ಟವಲ್ಲ, ಹ್ಯುಂಡೈ ಕಾರ್ಖಾನೆ ಇರುವ ಕೈಗಾರಿಕಾ ಪ್ರದೇಶದ ಕಡೆಯೇ. ಒಳಗೆ ಹೋದ ತಕ್ಷಣ ಬೈಕ್ ತಪಾಸಣೆ. ಆಯಿಲ್ ಸೋರುವಿಕೆ, ಚೈನ್, ಬ್ರೇಕ್ ಪ್ಯಾಡ್, ಟೈರ್ ಎಲ್ಲ ನೋಡುತ್ತಾರೆ. ಕನ್ನಡಿ ಬಿಚ್ಚಬೇಕು, ಲೈಟಿಗೆ ಟೇಪ್ ಸುತ್ತಬೇಕು. ಅದಕ್ಕೆ ಒಂದು ರೋಲ್ ಟೇಪ್, ಸ್ಪ್ಯಾನರ್, ಗಾಳಿ ನೋಡುವ ಗೇಜ್, ಸಣ್ಣ ಪಂಪ್ ಬ್ಯಾಗಲ್ಲಿರಲಿ. ಹೈವೇಗೆ ಇಟ್ಟ ಗಾಳಿ ಟ್ರ್ಯಾಕಿಗೆ ಜಾಸ್ತಿಯಾಗುತ್ತದೆ, ಟೈರ್ ಬಿಸಿಯಾದಂತೆ ಅದು ಇನ್ನೂ ಏರುತ್ತದೆ. ಎಷ್ಟು ಇಳಿಸಬೇಕು ಅಂತ ನಿಮ್ಮ ಟೈರ್ ಹೆಸರು ಹೇಳಿ ಅಲ್ಲಿನವರನ್ನೇ ಕೇಳಿ. ಲೆದರ್ ಸೂಟ್ ಬಾಡಿಗೆಗೆ ಸಿಗುತ್ತಾ ಅಂತ ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಬೂಟು, ಗ್ಲೌಸ್ ಮಾತ್ರ ನಿಮ್ಮದೇ ಇರಲಿ, ಬೇರೆಯವರ ಬೂಟಲ್ಲಿ ಕಾಲು ಕೆಲಸ ಮಾಡುವುದಿಲ್ಲ. ಇಲ್ಲಿ ಎಲ್ಲ ಕೆಲಸವೂ ಕಾಲಿನದೇ.

ನಮ್ಮ ದಿನದಲ್ಲಿ 20 ನಿಮಿಷದ ಐದು ಸೆಷನ್ ಇದ್ದವು. ಮೊದಲನೆಯದು ಸುಮ್ನೆ ದಾರಿ ಪರಿಚಯಕ್ಕೆ. ಮುಗಿಸಿ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕ ಬೈಕ್ ನಿಲ್ಲಿಸುವ ಜಾಗಕ್ಕೆ ಬಂದು ಗ್ಲೌಸ್ ಬಿಚ್ಚುತ್ತಿದ್ದೆ. ನಮ್ಮ ಕೋಚ್ ಬೆಂಗಳೂರಿನವರು, ಕನ್ನಡದಲ್ಲೇ ಮಾತಾಡುತ್ತಿದ್ದರು. ಬಂದವರು ಬೈಕ್ ಕಡೆ ನೋಡಲೇ ಇಲ್ಲ. "ಕೈ ತೋರ್ಸಿ" ಅಂದರು. ಎರಡೂ ಅಂಗೈ ಚಾಚಿದೆ. ಹೆಬ್ಬೆರಳಿನ ಬುಡದಲ್ಲಿ ಚರ್ಮ ಕೆಂಪಾಗಿ, ಬಲಗೈಯಲ್ಲಿ ಆಗಲೇ ಸಣ್ಣ ಬೊಬ್ಬೆ ಎದ್ದಿತ್ತು. ಅದನ್ನು ಬೆರಳಲ್ಲಿ ಮುಟ್ಟಿ, "ನೀವು ಹ್ಯಾಂಡಲ್ ಹಿಡ್ಕೊಂಡು ನೇತಾಡ್ತಾ ಇದ್ದೀರಿ ಸರ್, ಬೈಕ್ ಅಲ್ಲಾಡದೆ ಇನ್ನೇನು ಮಾಡುತ್ತೆ" ಅಂದರು. ಎರಡು ವರ್ಷದ ನನ್ನ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ತಿರುವಲ್ಲಿ ಮುಂದಿನ ಚಕ್ರ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತಾ ಸಣ್ಣಗೆ ಅತ್ತಿತ್ತ ಆಡುತ್ತಲೇ ಇರುತ್ತದೆ, ಅದಕ್ಕೆ ಆಡೋಕೆ ಬಿಡಬೇಕು. ನೀವು ಸೀಟಿನಿಂದ ಜಾರಿ ಪಕ್ಕಕ್ಕೆ ಇಳಿದಾಗ ನಿಮ್ಮ ಭಾರವನ್ನು ಯಾವುದಾದರೂ ಹಿಡಿದುಕೊಳ್ಳಬೇಕಲ್ವಾ? ಕಾಲು ಹಿಡಿಯಲಿಲ್ಲ ಅಂದರೆ ಕೈ ಹಿಡಿಯುತ್ತದೆ. ಕೈ ಹಿಡಿಯಿತು ಅಂದರೆ ನಿಮಗೆ ಗೊತ್ತಿಲ್ಲದ ಹಾಗೆ ಹ್ಯಾಂಡಲ್ ತಿರುಗಿಸುತ್ತಿದ್ದೀರಿ ಅಂತಲೇ ಅರ್ಥ.

ಹಾಗಾಗಿ ಪಾದದಿಂದ ಶುರು ಮಾಡಿ. ಬೆರಳುಗಳ ಹಿಂದೆ ಪಾದ ಉಬ್ಬಿಕೊಂಡಿರುತ್ತದಲ್ಲ, ಆ ಭಾಗ ಫುಟ್‌ರೆಸ್ಟ್ ಮೇಲಿರಲಿ. ಮಧ್ಯ ಪಾದ ಇಟ್ಟರೆ ಬೂಟಿನ ತುದಿ ನೆಲಕ್ಕೆ ತಾಗುತ್ತದೆ, ಮೊಣಕಾಲೂ ತೆರೆಯುವುದಿಲ್ಲ. ಈಗ ಬಲ ತಿರುವು ಅಂತ ಇಟ್ಟುಕೊಳ್ಳಿ. ಎಡಗಾಲಿನ ಹಿಮ್ಮಡಿ ಸ್ವಲ್ಪ ಮೇಲೆತ್ತಿ. ತೊಡೆ ತಾನಾಗಿಯೇ ಹೋಗಿ ಟ್ಯಾಂಕಿನ ಕೆಳಗಿನ ತಗ್ಗಿಗೆ ಒತ್ತಿಕೊಳ್ಳುತ್ತದೆ. ನಿಮ್ಮನ್ನು ಬೈಕಿಗೆ ಕಟ್ಟಿ ಹಾಕುವ ಹಗ್ಗ ಅದೇ. ಅದು ಗಟ್ಟಿಯಿದ್ದರೆ ಎರಡೂ ಕೈ ಸಡಿಲ. ಟ್ಯಾಂಕ್ ನುಣುಪಾಗಿದ್ದರೆ ತೊಡೆ ಜಾರುತ್ತದೆ, ಎರಡೂ ಪಕ್ಕ ರಬ್ಬರ್ ಗ್ರಿಪ್ ಅಂಟಿಸಿಕೊಂಡೇ ಹೋಗಿ. ಈ ಪ್ರವಾಸಕ್ಕೆ ಖರ್ಚು ಮಾಡಿದ್ದರಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ.

ಸೀಟಿನಿಂದ ಎಷ್ಟು ಜಾರಬೇಕು? ಅರ್ಧ ಸಾಕು. ಟ್ಯಾಂಕಿಗೆ ಅಂಟಿಕೊಂಡು ಕೂರಬೇಡಿ, ಒಂದು ಮುಷ್ಟಿ ಜಾಗ ಬಿಡಿ. ಅಂಟಿಕೊಂಡು ಕೂತರೆ ಸೊಂಟ ತಿರುವಿನ ಕಡೆ ತೆರೆಯುವ ಬದಲು ಟ್ಯಾಂಕಿಗೆ ಸುತ್ತಿಕೊಂಡು, ಎದೆ ಉಲ್ಟಾ ದಿಕ್ಕಿಗೆ ತಿರುಗುತ್ತದೆ. ನನ್ನ ವಿಡಿಯೋದಲ್ಲಿ ಇದ್ದಿದ್ದು ಅದೇ. ಸೊಂಟ ಒಳಗೆ, ತಲೆ ಮಾತ್ರ ಬೈಕಿನ ಆ ಕಡೆ. ಇಷ್ಟು ಕಷ್ಟಪಟ್ಟು ಕೆಳಗೆ ಇಳಿಸಿದ ಭಾರವನ್ನು ತಲೆ, ಭುಜ ಮತ್ತೆ ವಾಪಸ್ ಎಳೆಯುತ್ತಿದ್ದವು. ದೇಹದ ಭಾರ ತಿರುವಿನ ಒಳಗೆ ಹೋದರೆ ಅದೇ ವೇಗಕ್ಕೆ ಬೈಕ್ ಕಡಿಮೆ ವಾಲಿದರೂ ನಡೆಯುತ್ತದೆ. ಫುಟ್‌ರೆಸ್ಟ್ ನೆಲಕ್ಕೆ ಉಜ್ಜೋದು ತಪ್ಪುತ್ತದೆ. ಜಾರೋದು ಇದಕ್ಕೇ ಹೊರತು ಫೋಟೋಗಲ್ಲ. ಹಾಗೆ ನೋಡಿದರೆ ಸೊಂಟಕ್ಕಿಂತ ಎದೆ, ತಲೆ ಒಳಗೆ ತರೋದೇ ಮುಖ್ಯ. ಗದ್ದ ತಿರುವಿನ ಒಳಗಡೆಯ ಕೈಯ ಮಣಿಕಟ್ಟಿನ ಮೇಲೆ ಬರಬೇಕು, ತಲೆ ಆ ಕಡೆಯ ಕನ್ನಡಿ ಇರುತ್ತಿದ್ದ ಜಾಗದ ಕಡೆಗೆ. ಹೊರಗಿನ ಕೈಯ ಮುಂಗೈ ಟ್ಯಾಂಕ್ ಮೇಲೆ ಒರಗಿರಲಿ. ಕಣ್ಣು ಮುಂದಿನ ಚಕ್ರದ ಹತ್ತಿರ ಅಲ್ಲ, ತಿರುವು ಎಲ್ಲಿ ಬಿಚ್ಚಿಕೊಳ್ಳುತ್ತದೋ ಅಲ್ಲಿ.

ಕೈ ಸಡಿಲ ಇದೆಯೋ ಇಲ್ಲವೋ ತಿಳಿಯೋಕೆ ಅವರು ಒಂದು ಪರೀಕ್ಷೆ ಕೊಟ್ಟರು. ನಿಧಾನದ ಸೆಷನ್, ತಿರುವಿನ ಮಧ್ಯದಲ್ಲಿ ಒಳಗಿನ ಮೊಣಕೈಯನ್ನು ಕೋಳಿ ರೆಕ್ಕೆ ಬಡಿದ ಹಾಗೆ ಎರಡು ಸಲ ಆಡಿಸಬೇಕು. ಎರಡನೇ ಸೆಷನ್ನಲ್ಲಿ ನನ್ನ ಕೈಯಿಂದ ಅದು ಆಗಲೇ ಇಲ್ಲ, ಮರದ ಕೊರಡಿನ ಹಾಗೆ ನಿಂತಿತ್ತು. ನಾಲ್ಕನೆಯದರಲ್ಲಿ ಆಡಿತು. ಆ ಕ್ಷಣಕ್ಕೆ ಬೈಕ್ ತಾನಾಗಿಯೇ ತಿರುವಿನೊಳಗೆ ಕೂತಂತೆ ಅನ್ನಿಸಿತು. ಅಲುಗಾಟ ಇಲ್ಲ, ಎಳೆತ ಇಲ್ಲ. ಹೆಲ್ಮೆಟ್ ಒಳಗೆ ನಾನು ಜೋರಾಗಿ ಕೂಗಿದ್ದು ನಿಜ.

ಮಧ್ಯದಲ್ಲಿ ಮೂರನೇ ಸೆಷನ್ ಇದೆ, ಅದನ್ನೂ ಹೇಳಬೇಕು. ಒಂದು ಎಡ ತಿರುವಿಗೆ ಮೊದಲು ಬ್ರೇಕ್ ಹಿಡಿದು, ಬೈಕ್ ವಾಲಿಸಿದ ಮೇಲೆ ಸೊಂಟ ಜಾರಿಸೋಕೆ ಹೋದೆ. ಆ ಹೊತ್ತಲ್ಲಿ ಜಾರಬೇಕೆಂದರೆ ಕೈಯಲ್ಲೇ ಎಳೆದುಕೊಳ್ಳಬೇಕು. ಹ್ಯಾಂಡಲ್ ಒದರಿತು, ಬೈಕ್ ಅಗಲಕ್ಕೆ ಹೋಗಿ ಅಂಚಿನ ಮಣ್ಣಿಗೆ ಇಳಿಯಿತು. ಬೈಕ್ ನೆಟ್ಟಗೆ ಮಾಡಿ, ಬ್ರೇಕ್ ಮೆಲ್ಲಗೆ ಹಿಡಿದಿದ್ದಕ್ಕೆ ಬೀಳಲಿಲ್ಲ. ಐದು ನಿಮಿಷ ಕಾಲು ನಡುಗುತ್ತಿತ್ತು. ಕ್ರಮ ಹೀಗಿರಬೇಕು: ನೇರ ರಸ್ತೆಯಲ್ಲಿರುವಾಗಲೇ, ಬ್ರೇಕ್ ಮುಟ್ಟುವ ಮೊದಲೇ ಸೊಂಟ ಪಕ್ಕಕ್ಕೆ ಬಂದಾಗಿರಬೇಕು. ಆಮೇಲೆ ತೊಡೆಯಲ್ಲಿ ಟ್ಯಾಂಕ್ ಒತ್ತಿ ಹಿಡಿದು ಬ್ರೇಕ್. ಆಮೇಲೆ ಕಣ್ಣು, ಆಮೇಲೆ ತಿರುವು, ಎದೆ ಅದರ ಜೊತೆಗೇ ಇಳಿಯಲಿ. ವಾಲಿದ ಮೇಲೆ ದೇಹದಲ್ಲಿ ಏನೂ ಬದಲಾಯಿಸಬೇಡಿ, ಮೆಲ್ಲಗೆ ರೇಸ್ ಕೊಡುತ್ತಾ ಬನ್ನಿ. ಮುಖ್ಯ ನೇರ ರಸ್ತೆ ಮುಗಿದ ತಕ್ಷಣ ಸಿ1 ಅಂತ ವೇಗದ ಬಲ ತಿರುವು ಇದೆ, ಅಲ್ಲಿ ತಡವಾಗಿ ಜಾರಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

ಮೊಣಕಾಲು ನೆಲಕ್ಕೆ ತಾಗಿಸೋದು ಎಲ್ಲರ ಆಸೆ, ನನ್ನದೂ. 1970ರ ದಶಕದಲ್ಲಿ ಅಮೆರಿಕದ ಬೈಕ್ ರೇಸರ್ ಕೆನ್ನಿ ರಾಬರ್ಟ್ಸ್ ಅದನ್ನು ಜನಪ್ರಿಯ ಮಾಡಿದಾಗಿನಿಂದ ಎಲ್ಲ ಹುಡುಗರಿಗೂ ಅದೇ ಕನಸು. ಆದರೆ ಆ ಮೊಣಕಾಲು ಎಷ್ಟು ವಾಲಿದ್ದೇವೆ ಅಂತ ಅಳೆಯೋಕೆ ಇರುವ ಕೋಲು ಅಷ್ಟೇ. ನನ್ನದು ಅವತ್ತು ತಾಗಲಿಲ್ಲ. ಗೆಳೆಯನದು ಕೊನೇ ಸೆಷನ್ನಲ್ಲಿ ಒಂದು ಸಲ ತಾಗಿತು, ಅದೂ ಅವನು ಅದನ್ನು ಮರೆತು ಕಣ್ಣಿನ ಕಡೆ ಗಮನ ಕೊಟ್ಟಾಗ.

ನೀರು ಮರೆಯಬೇಡಿ. ಪ್ರತಿ ಸೆಷನ್ ಮಧ್ಯೆ ಒಆರ್‌ಎಸ್ ಕುಡಿಯಿರಿ, ಮಧ್ಯಾಹ್ನ ಮೊಸರನ್ನ ಸಾಕು. ಸುಸ್ತಾದರೆ ಕೊನೇ ಸೆಷನ್ ಬಿಟ್ಟುಬಿಡಿ. ತೊಡೆ ಸೋತ ತಕ್ಷಣ ಭಾರವೆಲ್ಲ ಮತ್ತೆ ಕೈಗೆ ಬರುತ್ತದೆ.

ಹೊರಡುವ ಒಂದು ತಿಂಗಳ ಮೊದಲೇ ಮನೆಯಲ್ಲಿ ಅಭ್ಯಾಸ ಶುರು ಮಾಡಿದರೆ ಅಲ್ಲಿ ಅರ್ಧ ದಿನ ಉಳಿಯುತ್ತದೆ. ನಾನು ಈಗ ಮಾಡುತ್ತಿರೋದು ಇದು. ಕಾಂಪೌಂಡಲ್ಲಿ ಬೈಕನ್ನು ಪ್ಯಾಡಾಕ್ ಸ್ಟ್ಯಾಂಡ್ (ಹಿಂದಿನ ಚಕ್ರ ಎತ್ತಿ ಬೈಕ್ ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, ತಮ್ಮನಿಗೆ ಮುಂದಿನ ಬ್ರೇಕ್ ಹಿಡಿದು ನಿಲ್ಲೋಕೆ ಹೇಳುತ್ತೇನೆ. ಹೊರಗಿನ ತೊಡೆಗೂ ಟ್ಯಾಂಕಿಗೂ ಮಧ್ಯೆ ಒಂದು ತೆಳು ಟವೆಲ್ ಸಿಕ್ಕಿಸಿಕೊಂಡು ಪಕ್ಕಕ್ಕೆ ಜಾರಿ, ಎರಡೂ ಕೈ ಹ್ಯಾಂಡಲ್‌ನಿಂದ ಎತ್ತಿ ಹತ್ತು ಎಣಿಸೋದು. ಅವನು ಟವೆಲ್ ಎಳೆಯುತ್ತಾನೆ. ಬಂತು ಅಂದರೆ ತೊಡೆ ಕೆಲಸ ಮಾಡುತ್ತಿಲ್ಲ ಅಂತ. ಮೊದಲ ವಾರ "ಅಣ್ಣಾ, ಬಂತು ನೋಡು" ಅಂತ ಸಲೀಸಾಗಿ ಎಳೆದುಬಿಡುತ್ತಿದ್ದ, ಈಗ ಜೋರಾಗಿ ಎಳೆಯಬೇಕು. ಮುಂದಿನಿಂದ ಒಂದು ವಿಡಿಯೋನೂ ತೆಗೆಸಿಕೊಳ್ಳಿ, ತಲೆ ಎಲ್ಲಿದೆ ಅಂತ ಅದು ಮಾತ್ರ ಸರಿಯಾಗಿ ಹೇಳುತ್ತದೆ. ಇದರ ಜೊತೆ ದಿನಾ ಬಸ್ಕಿ, ಪ್ಲ್ಯಾಂಕ್. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ರಸ್ತೆಯಲ್ಲೋ ಹೈವೇ ಸರ್ವಿಸ್ ರೋಡಲ್ಲೋ ಸೀಟಿನಿಂದ ಜಾರಿ ಅಭ್ಯಾಸ ಮಾಡಬೇಡಿ, ದಯವಿಟ್ಟು. ಅಲ್ಲಿ ಮರಳಿರುತ್ತದೆ, ಎದುರಿನಿಂದ ಟ್ರ್ಯಾಕ್ಟರ್ ಬರುತ್ತದೆ. ನಾನೂ ಮಾಡಿದ್ದೆ, ಇನ್ನು ಮಾಡುವುದಿಲ್ಲ. ರಸ್ತೆಯಲ್ಲಿ ಪಾದ, ತೊಡೆ, ಕಣ್ಣು ಇಷ್ಟೇ ಸಾಕು.

ಟ್ರ್ಯಾಕ್ ಮುಗಿದ ಸಂಜೆಯೇ ಊರಿಗೆ ಹೊರಡಬೇಡಿ. ಮಲಗಿ, ಮರುದಿನ ಕನ್ನಡಿ ಹಾಕಿ, ಟೇಪ್ ಕಿತ್ತು, ಗಾಳಿ ಮತ್ತೆ ತುಂಬಿಸಿ, ಚೈನಿಗೆ ಎಣ್ಣೆ ಬಿಟ್ಟು ಹೊರಡಿ. ಬೈಕಿನ ಬೋಲ್ಟುಗಳನ್ನೆಲ್ಲ ಒಂದು ಸಲ ಕೈಯಲ್ಲಿ ಮುಟ್ಟಿ ನೋಡಿ.

ವಾಪಸ್ ಬರುವಾಗ ಹಿರಿಯೂರು ದಾಟಿ ಚಿತ್ರದುರ್ಗ ಹತ್ತಿರ ಬಂದಾಗ ಸಂಜೆ ಆಗಿತ್ತು. ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುವ ಆ ಜಾಗದಲ್ಲಿ ಗಾಳಿ ಪಕ್ಕದಿಂದ ಹೊಡೆಯುತ್ತದೆ, ಓಡಾಡಿದವರಿಗೆ ಗೊತ್ತು. ಮೊದಲೆಲ್ಲ ಅಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದು ಭುಜ ಕಲ್ಲಾಗಿಸಿಕೊಂಡು ಬರುತ್ತಿದ್ದೆ, ಬೈಕ್ ಲೇನಿನಿಂದ ಲೇನಿಗೆ ತೂರಾಡುತ್ತಿತ್ತು. ಅವತ್ತು ತೊಡೆಯಲ್ಲಿ ಟ್ಯಾಂಕ್ ಒತ್ತಿ, ಹ್ಯಾಂಡಲ್ ಮೇಲೆ ಬೆರಳು ಸುಮ್ನೆ ಇಟ್ಟೆ. ಗಾಳಿ ಹೊಡೆಯಿತು. ಬೈಕ್ ಒಂದು ಸಲ ವಾಲಿ, ತಾನೇ ನೆಟ್ಟಗಾಯಿತು. ಗೆಳೆಯ ಪಕ್ಕಕ್ಕೆ ಬಂದು ಎಡಗಡೆ ಮೊಣಕೈಯನ್ನು ರೆಕ್ಕೆ ಹಾಗೆ ಎರಡು ಸಲ ಆಡಿಸಿ ತೋರಿಸಿ, ದಾವಣಗೆರೆ ಕಡೆಗೆ ಮುಂದೆ ಹೋದ.